ಬೆಳಗ್ಗೆ ಮಾತ್ರ ಕೆಡುವ ಕಾರು

ಕೆಂಪರಾಜು ಒಳ್ಳೆಯ ಮನುಷ್ಯ. ಈ ಮಾತನ್ನು ಈಗಲೇ ಹೇಳಿಬಿಡುವುದು ವಾಸಿ. ಕಥೆ ಶುರುವಾದ ಮೇಲೆ ಹೇಳಲು ಸಂದರ್ಭ ಒದಗುತ್ತದೆಂಬ ಭರವಸೆ ನಮಗಿಲ್ಲ. ಊರು ಮಂಡ್ಯದ ಹತ್ತಿರ, ಮನೆ ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್‌ನಲ್ಲಿ, ಕೆಲಸ ಸ್ಯಾನ್ ಹೋಸೆಯ ಒಂದು ಡಾಟ್‌ಕಾಮ್ ಕಂಪನಿಯಲ್ಲಿ. ನಿಮ್ಮ ಕಂಪನಿ ಇಂಟರ್ನೆಟ್ಟಿನಲ್ಲಿ ಏನು ಮಾರುತ್ತದೆ ಎಂದು ಅತ್ತೆ ನಂಜಮ್ಮ ಕೇಳಿದಾಗ "ಅದಿನ್ನೂ ಡಿಸೈಡ್ ಆಗಿಲ್ಲ ಅತ್ತೆ" ಎಂದಿದ್ದ. ಅದು ಸತ್ಯವೇ. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಹುಡುಕಿ ಹೇಳಿದ ತಪ್ಪನ್ನು ಯಾರೂ ನಂಬದಿರುವುದು ಆ ಉದ್ಯೋಗದ ನಿತ್ಯದ ಅನುಭವ.

ಟರ್ಬೊ ಕಾರಿನ ಗ್ರಹಚಾರ ಅವನನ್ನು ಹತ್ತಿಕೊಂಡಿದ್ದು 1998ರ ದೀಪಾವಳಿಯ ಊಟದಲ್ಲಿ. ಊಟ ಅಲ್ಲಿಂದ ಒಂದು ಗಂಟೆ ದಾರಿಯ ಡಬ್ಲಿನ್ ಎಂಬ ಊರಿನಲ್ಲಿ, ಅವನ ಹೆಂಡತಿ ನಿಸರ್ಗಾಳ ಸೋದರಮಾವ ದ್ವಾರಕಾನಾಥರ ಮನೆಯಲ್ಲಿ. ದ್ವಾರಕಾನಾಥರು ಆಗಷ್ಟೇ ಮಿನಿವ್ಯಾನು ಕೊಂಡಿದ್ದರು. ಬಂದವರನ್ನೆಲ್ಲ ಡ್ರೈವ್‌ವೇಗೆ ಕರೆದುಕೊಂಡು ಹೋಗಿ, ಎರಡೂ ಕಡೆಯ ಜಾರುಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ತೋರಿಸುತ್ತಿದ್ದರು. ಹೆಂಗಸರೆಲ್ಲ ನಿಸರ್ಗಾಳ ಮುಖ ನೋಡಿದರು. ನಿಸರ್ಗಾ ಗಂಡನ ಮುಖ ನೋಡಿದಳು. ಆಗ ಕೆಂಪರಾಜು ಹೋಳಿಗೆ ತುಂಬಿದ್ದ ಬಾಯಿಯನ್ನು ಸುಮ್ಮನೆ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವನು ಮಾತಾಡಿದ.

"ಮಾವ, ಮಿನಿವ್ಯಾನು ಓಡ್ಸೋದು ಅಂದ್ರೆ ಮನೇನೇ ತಳ್ಕೊಂಡು ಹೋದಂಗೆ. ಡ್ರೈವಿಂಗು ಅಂದ್ರೆ ಟರ್ಬೊ. ಅದು ಗೊತ್ತಿರೋರು ಬೇರೆ ಗಾಡಿ ಮುಟ್ಟಲ್ಲ."

ಆ ಹೊತ್ತಿನವರೆಗೆ ಅವನು ಟರ್ಬೊ ಕಾರಿನಲ್ಲಿ ಕೂತೂ ಇರಲಿಲ್ಲ. ಆದರೆ ಹತ್ತು ಜನರ ಮುಂದೆ ಆಡಿದ ಮಾತು, ಉಳಿಸಿಕೊಳ್ಳಲೇಬೇಕು. ಮುಂದಿನ ವಾರ ಪೇಪರಿನ ಜಾಹೀರಾತು ನೋಡಿ ಒಂದನ್ನು ಕೊಂಡು ತಂದ. ಯುರೋಪಿನ ಯಾವುದೋ ಚಳಿ ದೇಶದಲ್ಲಿ ಹುಟ್ಟಿದ, ನಡುವಯಸ್ಸು ದಾಟಿದ, ಕಡುನೀಲಿ ಬಣ್ಣದ ಗಾಡಿ. ನಂಜಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಆರತಿ ಎತ್ತಿ, ನಂತರ ಹಿಂದಿನ ಸೀಟಿನಲ್ಲಿ ಕೂರಲು ಹೋಗಿ ಮಂಡಿ ಸಿಕ್ಕಿಸಿಕೊಂಡರು.

ನಿಸರ್ಗಾ ಜಗಳ ಆಡಲಿಲ್ಲ. ಅವಳು ಆಡುವುದು ಕರಾರು. "ನೋಡಿ, ಅಮ್ಮ ಇದಾರೆ, ಫೆಬ್ರವರೀಲಿ ಅಪ್ಪಾನೂ ಬರ್ತಾರೆ. ನಂಗೆ ಬೇಕಿದ್ದಿದ್ದು ಮಿನಿವ್ಯಾನು. ಇರ್ಲಿ. ಇದು ಕೆಟ್ಟು ನಿಂತ ದಿನ ಮಾರ್ತೀವಿ, ಮಿನಿವ್ಯಾನು ತರ್ತೀವಿ. ಒಪ್ಪಿಗೆನಾ?"

ಸಂತೋಷದಲ್ಲಿದ್ದ ಮನುಷ್ಯ, ಒಪ್ಪಿಬಿಟ್ಟ.

ನವೆಂಬರ್ ತಿಂಗಳಿಡೀ ಕೆಂಪರಾಜು ಭೂಮಿಯ ಮೇಲೆ ನಡೆದದ್ದು ಕಡಿಮೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಆಗುತ್ತಿರಲಿಲ್ಲ, ಆಮೇಲೆ ಯಾರೋ ಬೆನ್ನಿಗೆ ಅಂಗೈ ಕೊಟ್ಟು ತಳ್ಳಿದ ಹಾಗೆ ಗಾಡಿ ನೆಗೆಯುತ್ತಿತ್ತು. ಕೊತ್ತಂಬರಿ ಸೊಪ್ಪು ತರಲು ಗ್ರೋಸರಿಗೆ ಹೋಗುವಾಗಲೂ ಅವನು ಫ್ರೀವೇ ಹಿಡಿದು ಹೋಗುತ್ತಿದ್ದ. ಇಷ್ಟು ಸಣ್ಣ ವಸ್ತುವಿನಿಂದ ಒಬ್ಬ ಗಂಡಸಿಗೆ ಇಷ್ಟು ಸುಖ ಸಿಗುವುದಾದರೆ ಅದನ್ನು ಕಸಿದುಕೊಳ್ಳುವುದು ಮಹಾಪಾಪ ಎಂದೇ ನಮ್ಮ ಅಭಿಪ್ರಾಯ.

ಡಿಸೆಂಬರ್ ಬಂತು. ಆ ವರ್ಷ ಮಾರ್ಗನ್ ಹಿಲ್‌ನಲ್ಲಿ ಎಂದೂ ಇಲ್ಲದ ಚಳಿ. ಬೆಳಗ್ಗೆ ಎದ್ದರೆ ಹುಲ್ಲಿನ ಮೇಲೆ ಬಿಳಿಯ ಪುಡಿ. ಗ್ಯಾರೇಜಿನ ಒಂದು ಪಕ್ಕದಲ್ಲಿ ನಿಸರ್ಗಾಳ ಹಳೇ ಕಾರು, ಇನ್ನೊಂದು ಪಕ್ಕದಲ್ಲಿ ಹೀಟರ್ ಹಚ್ಚಿಟ್ಟುಕೊಂಡು ನಂಜಮ್ಮ ಒಣಗಿಸುತ್ತಿದ್ದ ಸಂಡಿಗೆ. ಹೀಗಾಗಿ ಟರ್ಬೊ ಹೊರಗೇ ಮಲಗುತ್ತಿತ್ತು.

ಒಂದು ಬೆಳಗ್ಗೆ ಕೆಂಪರಾಜು 101ನೇ ಫ್ರೀವೇಯಲ್ಲಿ ಹೋಗುತ್ತಿದ್ದಾಗ ಗಾಡಿ ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದಂತೆ ಮಾಡಿತು. ಒತ್ತಿದ, ಏಳಲಿಲ್ಲ. ಪೂರ್ತಿ ಒತ್ತಿದ, ಇನ್ನೂ ನಿಧಾನವಾಯಿತು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದವು. ದೋಣಿಯಷ್ಟು ಉದ್ದದ ಕಾರಿನಲ್ಲಿ ಬಂದ ಒಬ್ಬ ಅಜ್ಜಿ ಅವನನ್ನು ದಾಟಿಕೊಂಡು ಹೋಗುವಾಗ ಕನಿಕರದಿಂದ ನೋಡಿದಳು. ಅಜ್ಜಿಯ ಕನಿಕರ ತಡೆಯಲಾರದೆ ಕೆಂಪರಾಜು ಆಫೀಸು ಬಿಟ್ಟು, ತೆವಳಿಕೊಂಡು, ನೆಟ್ಟಗೆ ಕ್ಯಾಂಪ್‌ಬೆಲ್‌ಗೆ ವಜೀರನ ಗ್ಯಾರೇಜಿಗೆ ಹೋದ.

ವಜೀರ್ ಬೆಂಗಳೂರಿನ ಶಿವಾಜಿನಗರದವನು. ಅವನ ತಂದೆಗೆ ಅಲ್ಲಿ ಗ್ಯಾರೇಜಿತ್ತು. ಮಗನಿಗೆ ಅವರು ಬಿಟ್ಟುಹೋದ ಆಸ್ತಿ ಒಂದು ಮಾತು: ಬಂದ ಗಿರಾಕಿಯ ಹೊಟ್ಟೆಗೆ ಬಿಸಿ ಚಾ ಬೀಳುವ ತನಕ ಅವನ ಗಾಡಿಯ ಬಾನೆಟ್ ಮುಟ್ಟಬಾರದು. ಅಮೆರಿಕಾಕ್ಕೆ ಬಂದ ಮೇಲೆ ವಜೀರ್ ಎಷ್ಟೋ ಬಿಟ್ಟಿದ್ದ, ಇದನ್ನು ಬಿಟ್ಟಿರಲಿಲ್ಲ. ಬಿಳಿಯರೂ ಚೀನಿಯರೂ ಮೊದಮೊದಲು ಗಡಿಯಾರ ನೋಡಿಕೊಂಡು, ಆಮೇಲಾಮೇಲೆ ಆ ಚಾ ಕುಡಿಯುವುದಕ್ಕೇ ಗಾಡಿ ಕೆಡಿಸಿಕೊಂಡು ಬರುತ್ತಿದ್ದರೆಂದು ಪ್ರತೀತಿ.

"ವಜೀರ್ ಭಾಯ್, ಬೇಗ ನೋಡಿ, ಗಾಡಿ ಸತ್ತೋಗ್ತಾ ಇದೆ."

"ಸಾಯಲ್ಲ ಕೆಂಪಣ್ಣ, ಗಾಡಿ ಎಲ್ಲೂ ಓಡ್ ಹೋಗಲ್ಲ. ಮೊದ್ಲು ಕೂತ್ಕೊಳಿ. ಅಜ್ರಾ, ಕೆಂಪಣ್ಣ ಬಂದವ್ರೆ."

ವಜೀರನ ಹೆಂಡತಿ ಅಜ್ರಾ ಗ್ಯಾರೇಜಿನ ಆಫೀಸು ನೋಡಿಕೊಳ್ಳುತ್ತಿದ್ದಳು. ಶುಂಠಿ ಜಜ್ಜಿ ಹಾಕಿದ ಚಾ ಬಂತು, ಖಾರದ ಬಿಸ್ಕತ್ತು ಬಂತು, ಶಿವಾಜಿನಗರದ ಸುದ್ದಿ ಬಂತು. ಎಲ್ಲ ಮುಗಿದ ಮೇಲೆ ವಜೀರ್ ಬಾನೆಟ್ ಎತ್ತಿ, ಕಿವಿಗೊಟ್ಟು ಕೇಳಿ, ಗಾಡಿ ಓಡಿಸಿ ನೋಡಿದ. ಗಾಡಿ ನೆಗೆದ ರಭಸಕ್ಕೆ ಅವನ ಟೋಪಿ ಹಿಂದಿನ ಸೀಟಿಗೆ ಬಿತ್ತು.

"ಹುಲಿ ಇದ್ದಂಗಿದೆ ಕೆಂಪಣ್ಣ. ಏನೂ ಆಗಿಲ್ಲ."

ಮಾರನೆಯ ದಿನ ಬೆಳಗ್ಗೆ ಮತ್ತೆ ಅದೇ. ಅದೇ ಜಾಗ, ಅದೇ ಉಸಿರುಗಟ್ಟುವಿಕೆ, ಅದೇ ಲಾರಿಗಳು. ಮತ್ತೆ ಕ್ಯಾಂಪ್‌ಬೆಲ್, ಮತ್ತೆ ಚಾ, ಮತ್ತೆ ಹುಲಿ. ಮೂರನೆಯ ಸಲ ಬಂದಾಗ ಅವನ ಮುಖ ನೋಡಲಾರದೆ ಅಜ್ರಾ ಸಮೋಸಾ ಕರಿದು ಕೊಟ್ಟಳು. ಕಾಯಿಲೆ ಹೆಚ್ಚಾದಷ್ಟೂ ಉಪಚಾರ ಹೆಚ್ಚಾಯಿತು. ಉಪಚಾರ ಹೆಚ್ಚಾದಷ್ಟೂ ಗಾಡಿ ಇನ್ನಷ್ಟು ಚೆನ್ನಾಗಿ ಓಡಿತು. ವಜೀರ್ ಪ್ಲಗ್ಗು ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ ಕೆಂಪರಾಜುವಿನ ಹೆಗಲ ಮೇಲೆ ಕೈಹಾಕಿ ಮೆಲ್ಲಗೆ ಕೇಳಿದ.

"ಕೆಂಪಣ್ಣ, ತಪ್ ತಿಳ್ಕೋಬೇಡಿ. ದೊಡ್ ಟ್ರಕ್ಕು ಪಕ್ಕದಲ್ಲಿ ಬಂದ್ರೆ ಕಾಲು ತಾನಾಗೇ ಎದ್ದೋಗತ್ತಾ?"

"ಯಾವ ಕಾಲು?"

"ಆಕ್ಸಿಲರೇಟರ್ ಕಾಲು. ನಮ್ ಮಾಮೂಗೂ ಹಂಗೇ ಆಗ್ತಿತ್ತು. ಭಯ ಬಿದ್ರೆ ಮನ್ಷಂಗೆ ಗೊತ್ತಾಗಲ್ಲ, ಕಾಲಿಗೆ ಗೊತ್ತಾಗತ್ತೆ."

ಕೆಂಪರಾಜು ಕೋಪದಿಂದ ಎದ್ದು ಆಫೀಸಿಗೆ ಹೋದ. ಮರುದಿನ ಆಫೀಸಿನ ಪಾರ್ಕಿಂಗಿನಲ್ಲಿ ಗಾಡಿ ಕೆಮ್ಮುತ್ತಾ ನಿಂತಿದ್ದಾಗಲೇ ಓಡಿಹೋಗಿ ಸಹೋದ್ಯೋಗಿ ಶೇಷಗಿರಿಯನ್ನು ಕರೆದ. ಶೇಷಗಿರಿ ಪ್ರೋಗ್ರಾಮು ಬರೆಯುವವನು. ಕೆಂಪರಾಜು ಕಂಡುಹಿಡಿದ ತಪ್ಪುಗಳನ್ನೆಲ್ಲ "ನನ್ ಮಶೀನಲ್ಲಿ ಬರ್ತಿಲ್ವಲ್ಲ" ಎಂದು ವಾಪಸು ಕಳಿಸುವುದರಲ್ಲಿ ಅವನದು ದೊಡ್ಡ ಹೆಸರು.

"ಬಂದೆ ಇರಯ್ಯಾ, ಕಾಫಿ ಬಿಸಿ ಇದೆ. ನಿಂಗೂ ಒಂದು ಕಪ್ ಹಾಕ್ಲಾ?"

ಇಬ್ಬರೂ ಕಾಫಿ ಮುಗಿಸಿ ಕೆಳಗೆ ಬಂದರು. ಶೇಷಗಿರಿ ಗಾಡಿಯನ್ನು ಪಾರ್ಕಿಂಗಿನ ಸುತ್ತ ಬಾಣದ ಹಾಗೆ ಒಂದು ಸುತ್ತು ಓಡಿಸಿ, ಕೀಲಿಕೈಯನ್ನು ಎಡಗೈಯಲ್ಲಿ ಹಿಂದಿರುಗಿಸಿದ. "ನಾಟ್ ರೀಪ್ರೊಡ್ಯೂಸಿಬಲ್. ಮತ್ತೆ ಬರ್ತಿಲ್ಲ, ಕ್ಲೋಸ್ ಮಾಡು."

ಇತ್ತ ಕ್ಯಾಂಪ್‌ಬೆಲ್‌ನಲ್ಲಿ ವಜೀರ್ ತನ್ನ ಅನುಮಾನವನ್ನು ಅಜ್ರಾಗೆ ಹೇಳಿದ. ಅಜ್ರಾ ಒಳ್ಳೆಯ ಹೆಂಗಸು. ಮನಸ್ಸು ತಡೆಯದೆ ನಿಸರ್ಗಾಳಿಗೆ ಫೋನ್ ಮಾಡಿ, ಅಣ್ಣನಿಗೆ ಫ್ರೀವೇ ಮೇಲೆ ಸ್ವಲ್ಪ ಗಾಬರಿಯಾಗುತ್ತಂತೆ, ಒಬ್ಬರನ್ನೇ ಕಳಿಸಬೇಡಿ ಎಂದಳು. ನಿಸರ್ಗಾ ಅಮ್ಮನಿಗೆ ಹೇಳಿದಳು. ನಂಜಮ್ಮ ತಮ್ಮ ದ್ವಾರಕಾನಾಥನಿಗೆ ಹೇಳಿದರು. ದ್ವಾರಕಾನಾಥರಿಗೆ ಹೇಳಿದ ಮೇಲೆ ಡಬ್ಲಿನ್‌ನಲ್ಲಿ ಇನ್ನಾರಿಗೂ ಹೇಳುವ ಅಗತ್ಯವಿರುವುದಿಲ್ಲ. ಸಂಜೆ ಕೆಂಪರಾಜು ಮನೆಗೆ ಬರುವ ಹೊತ್ತಿಗೆ, ಟರ್ಬೊ ಬಿಟ್ಟು ಬೇರೆ ಗಾಡಿ ಮುಟ್ಟದ ಮಹಾಶೂರನಿಗೆ ಲಾರಿ ಕಂಡರೆ ಕಾಲು ನಡುಗುತ್ತದೆಂಬ ಸಂಗತಿ ಡಬ್ಲಿನ್ ಸುತ್ತಲಿನ ಈಸ್ಟ್ ಬೇ ಕನ್ನಡಿಗರಿಗೆಲ್ಲ ತಲುಪಿತ್ತು.

ನಂಜಮ್ಮ ಬಾಗಿಲಲ್ಲೇ ಅವನ ಮುಖಕ್ಕೆ ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. "ಯಾರ ಕಣ್ಣು ಬಿತ್ತೋ ಅಳಿಯಂದ್ರೇ. ಹುಡುಗ್ರಲ್ಲಿ ಎಮ್ಮೆ ಹಾಯ್ದಿತ್ತಾ ನಿಮಗೆ?"

"ಇಲ್ಲ ಅತ್ತೆ. ಕೆಟ್ಟಿರೋದು ಗಾಡಿ, ನಾನಲ್ಲ."

"ಆಗ್ಲಿ, ಹಂಗೇ ಅಂದ್ಕೊಳಿ," ಎಂದು ನಂಜಮ್ಮ ಸಮಾಧಾನ ಹೇಳಿದರು.

ಆ ಭಾನುವಾರ ದ್ವಾರಕಾನಾಥರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬೆಳಗಿನ ಚಳಿಯಲ್ಲೇ ಹೊರಡಬೇಕಿತ್ತು. ಹಿಂದಿನ ಸೀಟಿನಲ್ಲಿ ಚಕ್ಕುಲಿ ಡಬ್ಬ ಹಿಡಿದ ನಂಜಮ್ಮ ಮತ್ತು ಆರು ವರ್ಷದ ಮಗಳು ಇಂಚರ, ಮುಂದೆ ನಿಸರ್ಗಾ. 680ನೇ ಫ್ರೀವೇಯ ಏರಿನಲ್ಲಿ ಗಾಡಿ ತನ್ನ ಬುದ್ಧಿ ತೋರಿಸಿತು.

"ಒತ್ತಿ ರೀ."

"ಒತ್ತಿದೀನಿ."

"ಹೆದ್ರಕೋಬೇಡಿ. ನಾನಿದೀನಿ, ಒತ್ತಿ."

"ಒತ್ತಿದೀನಿ ಮಾರಾಯ್ತಿ."

"ಇಟ್ಸ್ ಓಕೆ ಅಪ್ಪಾ," ಎಂದು ಇಂಚರ ಹಿಂದಿನಿಂದ ಅವನ ಭುಜ ತಟ್ಟಿದಳು. ನಂಜಮ್ಮ ಕಣ್ಣು ಮುಚ್ಚಿ ಮನೆದೇವರಿಗೆ ಮುಡಿಪು ಕಟ್ಟಿದರು. ಗಾಡಿಗೆ ಅಡ್ಡಬರುವ ದನಕರು ಆ ದೇಶದಲ್ಲಿ ಇಲ್ಲದಿದ್ದರಿಂದ, ಇಷ್ಟು ನಿಧಾನ ಯಾಕೆಂದು ತಿಳಿಯದೆ ಹಿಂದೆ ಬರುತ್ತಿದ್ದವರು ಹೆದರಿದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಕಾರಿನ ಕೆಂಪು ದೀಪ ಹಿಂದೆ ಕಾಣಿಸಿತು.

ಪೊಲೀಸಿನವನು ತುಂಬ ವಿನಯವಂತ. ಇಷ್ಟು ನಿಧಾನ ಫ್ರೀವೇ ಮೇಲೆ ಅಪಾಯವೆಂದು ಇಂಗ್ಲಿಷಿನಲ್ಲಿ ತಿಳಿಸಿದ. ಗಾಡಿಗೆ ಶಕ್ತಿಯೇ ಇಲ್ಲ, ಇದಕ್ಕಿಂತ ಜೋರಾಗಿ ಓಡುವುದು ಸಾಧ್ಯವೇ ಇಲ್ಲವೆಂದು ಕೆಂಪರಾಜು ಆಣೆ ಇಟ್ಟು ಹೇಳಿದ. ಪೊಲೀಸಿನವನು ಲೈಸೆನ್ಸು ತೆಗೆದುಕೊಂಡು ತನ್ನ ಕಾರಿಗೆ ಹೋಗಿ, ಏನೇನೋ ವಿಚಾರಿಸಿ, ನಿಧಾನವಾಗಿ ಹಿಂದಿರುಗಿ ಬಂದ. ನಂಜಮ್ಮ ಕಿಟಕಿ ಇಳಿಸಿ ಅವನಿಗೆ ಚಕ್ಕುಲಿ ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡು, ಮುಂದಿನ ಎಕ್ಸಿಟ್‌ನಲ್ಲಿ ಇಳಿದುಬಿಡಿ, ಮೆಲ್ಲಗೆ ಹೋಗಿ ಎಂದು ಬೀಳ್ಕೊಟ್ಟ.

ಕೆಂಪರಾಜು ಅಭ್ಯಾಸಬಲದಿಂದ ಆಕ್ಸಿಲರೇಟರನ್ನು ತಳದವರೆಗೆ ಒತ್ತಿದ. ಗಾಡಿ ರಾಕೆಟ್ಟಿನಂತೆ ಚಿಮ್ಮಿತು. ಡಬ್ಬದ ಚಕ್ಕುಲಿಯೆಲ್ಲ ನಂಜಮ್ಮನ ಮಡಿಲಿಗೆ ಬಿತ್ತು. ಮತ್ತೆ ಕೆಂಪು ದೀಪ.

ಈ ಸಲ ಪೊಲೀಸಿನವನು ಲೈಸೆನ್ಸು ಕೇಳಲಿಲ್ಲ. ಕೆಂಪರಾಜುವನ್ನು ಬಿಟ್ಟು ನಿಸರ್ಗಾಳ ಕಡೆ ಬಗ್ಗಿ, ಇವರಿಗೆ ಮನೆಯಲ್ಲಿ ಏನಾದರೂ ಚಿಂತೆಯಿದೆಯೇ ಎಂದು ಕೇಳಿದ. ನಿಸರ್ಗಾ ನಾಚಿಕೆಯಿಂದ ಗಂಡನ ಜಾಗಕ್ಕೆ ಬಂದು ಕೂತು, ಗಾಡಿಯನ್ನು ಡಬ್ಲಿನ್‌ಗೆ ಹೂವಿನಂತೆ ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಬಿಸಿಲೂ ಏರಿತ್ತು. ಆದರೆ ಬಿಸಿಲಿನ ಕಡೆ ಯಾರು ನೋಡುತ್ತಾರೆ. ಎಲ್ಲರೂ ಕೆಂಪರಾಜುವಿನ ಕಾಲಿನ ಕಡೆ ನೋಡುತ್ತಿದ್ದರು.

ಪೂಜೆಯ ಮನೆಯಲ್ಲಿ ದೇವರ ಕಥೆಗಿಂತ ಪೊಲೀಸಿನ ಕಥೆ ಹೆಚ್ಚು ಭಕ್ತಿಯಿಂದ ಕೇಳಲ್ಪಟ್ಟಿತು. ದ್ವಾರಕಾನಾಥರ ಹೆಂಡತಿ ಸತ್ಯವತಿ ಸಪಾದ ಬಡಿಸುತ್ತಾ "ಸಣ್ಣದರಿಂದ ಶುರು ಮಾಡಿ, ಮೊದ್ಲು ಸೈಕಲ್ ತುಳೀರಿ" ಎಂದರು. ದ್ವಾರಕಾನಾಥರು ಕೆಲಸದಲ್ಲೇ ತೋರಿಸುವವರು. ವಯಸ್ಸಾದ ಮೇಲೆ ಮೊದಲ ಸಲ ಸ್ಟಿಯರಿಂಗ್ ಹಿಡಿಯುವ ತಾಯಂದಿರಿಗೆ ಪಾಠ ಹೇಳುವ ಒಬ್ಬ ಮೇಷ್ಟರನ್ನು ಆ ಮಧ್ಯಾಹ್ನಕ್ಕೇ ಗೊತ್ತು ಮಾಡಿದ್ದರು. ಬೆಚ್ಚನೆಯ ಬಿಸಿಲಿನಲ್ಲಿ ಕೆಂಪರಾಜು ತನ್ನ ಟರ್ಬೊದಲ್ಲೇ ಮೇಷ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಬ್ಲಿನ್‌ನ ಬೀದಿಗಳನ್ನು ಸುತ್ತಿ ಬಂದ. ಗಾಡಿ ಅದ್ಭುತವಾಗಿ ಓಡಿತು. ಒಂದೇ ಪಾಠಕ್ಕೆ ಇಷ್ಟು ಧೈರ್ಯ ಬಂದ ಇನ್ನೊಬ್ಬರನ್ನು ನೋಡಿಲ್ಲ ಎಂದು ಮೇಷ್ಟರು ಎಲ್ಲರ ಮುಂದೆ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಅವಮಾನಕ್ಕೆ ಚಪ್ಪಾಳೆ ಬಿದ್ದಾಗ ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ರಾತ್ರಿ ಊಟವಾದ ಮೇಲೆ ನಿಸರ್ಗಾ ಕರಾರಿಗೆ ಬಂದಳು. "ಸಾಕು. ಮಿನಿವ್ಯಾನು ತರೋಣ."

"ಕೆಟ್ರೆ ಮಾರೋದು ಅಂತ ತಾನೇ ಮಾತಾಗಿದ್ದು? ಗಾಡಿ ಕೆಟ್ಟಿಲ್ಲ ಅಂತ ನೀವೇ ಎಲ್ರೂ ಹೇಳ್ತಿದೀರಲ್ಲ."

"ಹಾಗಾದ್ರೆ ಕೆಟ್ಟಿರೋದು ನೀವು ಅಂತ ಒಪ್ಕೊಳಿ. ಭಯ ಇರೋರಿಗೆ ಟರ್ಬೊ ಯಾಕೆ?"

"ನಂಗೇನೂ ಆಗಿಲ್ಲ, ಕೆಟ್ಟಿರೋದು ಗಾಡೀನೇ."

"ಕೆಟ್ಟಿದ್ರೆ ಮಾರೋದು ಅಂತಾನೇ ಮಾತಾಗಿದ್ದು."

ಕೆಂಪರಾಜು ಈ ತರ್ಕವನ್ನು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಪರೀಕ್ಷಿಸಿದ. ಯಾವ ತುದಿಯಿಂದ ಹೊರಟರೂ ಮಿನಿವ್ಯಾನಿನ ಜಾರುಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಅವನ ಮುಖ ಎಷ್ಟು ಸಣ್ಣದಾಯಿತೆಂದರೆ ನಿಸರ್ಗಾಳಿಗೇ ಪಾಪ ಅನ್ನಿಸಿತು. ಎಷ್ಟಾದರೂ ಆ ಮುಖವನ್ನು ನೋಡಿಯೇ ಮದುವೆಯಾದವಳು.

"ಸರಿ, ಇನ್ನೊಂದು ಚಾನ್ಸು. ನಾಳೆ ನಂಗೂ ರಜ. ನಾನೇ ಬರ್ತೀನಿ ವಜೀರ್ ಹತ್ರ. ಗಾಡಿ ಕೆಟ್ಟಿದೆ ಅಂತ ತೋರ್ಸಿ, ರಿಪೇರಿ ಮಾಡ್ಸಿ, ಇಟ್ಕೊಳಿ. ತೋರ್ಸಕ್ಕಾಗ್ಲಿಲ್ಲ ಅಂದ್ರೆ ಅಲ್ಲಿಂದ ಸೀದಾ ಮಿನಿವ್ಯಾನ್ ಶೋರೂಮಿಗೆ."

ಮರುದಿನ ಬೆಳಗ್ಗೆ ಇನ್ನೂ ಹೆಚ್ಚು ಚಳಿ. ಬೀದಿಯವರು ನಿಂಬೆಗಿಡಗಳಿಗೆ ಬೆಡ್‌ಶೀಟು ಹೊದಿಸಿದ್ದರು, ಎದುರುಮನೆಯ ನಲ್ಲಿ ಒಡೆದು ನೀರು ಕಲ್ಲಾಗಿತ್ತು. ಇಂಚರಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅಳಿಯನಿಗೆ ಧೈರ್ಯವಿರಲೆಂದು ನಂಜಮ್ಮನೂ ಶಾಲು ಹೊದ್ದು ಹತ್ತಿದರು. ಕೆಂಪರಾಜು ದೇವರಿಗೆ ಕೈಮುಗಿದು, ತಂದೆ ಇವತ್ತೊಂದು ದಿನ ಗಾಡಿ ಸರಿಯಾಗಿ ಕೆಡುವ ಹಾಗೆ ಮಾಡಪ್ಪ ಎಂದು ಬೇಡಿಕೊಂಡ. ಇಂಥ ಕೋರಿಕೆ ಆ ದೇವರಿಗೂ ಹೊಸದಿರಬೇಕು.

ದೇವರು ಕೈಬಿಡಲಿಲ್ಲ. 101ರಲ್ಲಿ ಗಾಡಿ ಎಂದಿಗಿಂತ ಚೆನ್ನಾಗಿ ಕೆಟ್ಟಿತು.

"ನೋಡಿದ್ಯಾ? ನೋಡಿದ್ಯಾ?" ಎಂದು ಕೆಂಪರಾಜು ಆನಂದದಿಂದ ಕೂಗಿದ.

"ಒತ್ತಿ ರೀ."

"ಬಗ್ಗಿ ನೋಡು."

ನಿಸರ್ಗಾ ಸೀಟ್‌ಬೆಲ್ಟನ್ನು ಎಳೆದುಕೊಂಡು ಬಗ್ಗಿ ನೋಡಿದಳು. ಗಂಡನ ಪಾದ ಪೆಡಲಿನ ಸಮೇತ ನೆಲಕ್ಕೆ ಅಂಟಿತ್ತು. ನಡುಗುತ್ತಲೂ ಇರಲಿಲ್ಲ. ಅವಳು ಮೆಲ್ಲಗೆ ನೆಟ್ಟಗೆ ಕೂತು, ಒತ್ತಿ ಒತ್ತಿ ಎನ್ನುವುದನ್ನು ಬಿಟ್ಟಳು. ನಂಜಮ್ಮ ಮಾತ್ರ "ಆಂಜನೇಯ, ಆಂಜನೇಯ" ಎನ್ನುತ್ತಿದ್ದರು.

ವಜೀರನ ಗ್ಯಾರೇಜಿನಲ್ಲಿ ಆ ದಿನ ಏನೋ ಬೇರೆಯಾಗಿತ್ತು. ಚಾ ಪಾತ್ರೆ ಬೋರಲು ಬಿದ್ದಿತ್ತು, ಬಿಸ್ಕತ್ತಿನ ಡಬ್ಬ ಮೇಲಿನ ಶೆಲ್ಫಿಗೆ ಏರಿತ್ತು. ರಂಜಾನ್ ಶುರುವಾಗಿತ್ತು. ಗಂಡಹೆಂಡಿರಿಬ್ಬರೂ ಉಪವಾಸ. ಆದರೂ ವಜೀರ್ ತಂದೆಯ ಮಾತು ಮರೆಯುವವನಲ್ಲ.

"ಬನ್ನಿ ಅಕ್ಕ, ಬನ್ನಿ ಅಮ್ಮ, ಕೂತ್ಕೊಳಿ. ನಮ್ದು ರೋಜಾ, ನಿಮ್ದಲ್ವಲ್ಲ. ಅಜ್ರಾ ಈಗ ಚಾ ಮಾಡ್ತಾಳೆ."

"ಛೆ ಛೆ, ಬೇಡ ವಜೀರ್ ಭಾಯ್. ನೀವು ಗಂಟಲು ಒಣಗಿಸ್ಕೊಂಡು ಕೂತಿರೋವಾಗ ನಾವು ಚಾ ಕುಡಿಯೋದಾ?" ಎಂದ ಕೆಂಪರಾಜು. ಅವನೂ ಮರ್ಯಾದಸ್ಥ.

"ಹಂಗೆ ಅಂದ್ರೆ ಹೆಂಗೆ ಕೆಂಪಣ್ಣ? ನೀವು ಕುಡೀಲಿಲ್ಲ ಅಂದ್ರೆ ನನ್ ರೋಜಾಗೆ ಏನ್ ಬೆಲೆ?"

"ನಾವು ಕುಡಿದ್ರೆ ನಮ್ ಮನುಷ್ಯತ್ವಕ್ಕೆ ಏನ್ ಬೆಲೆ?"

"ಅರ್ಧ ಕಪ್ಪು."

"ಒಂದು ತೊಟ್ಟೂ ಬೇಡ."

"ನೀವು ಹಿಂಗೆ ಮಾಡಿದ್ರೆ ನಾನು ಬಾನೆಟ್ ಹೆಂಗೆ ಮುಟ್ಲಿ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಮಟ್ಟಕ್ಕೆ ಗೌರವ ತೋರಿಸಿಕೊಳ್ಳತೊಡಗಿದರು. ಹೀಗೇ ಬಿಟ್ಟಿದ್ದರೆ ಸಂಜೆ ಇಫ್ತಾರಿನವರೆಗೂ ನಡೆಯುತ್ತಿತ್ತು. ನಿಸರ್ಗಾ ಅವರ ನಡುವೆಯೇ ಹಾದು ಹೋಗಿ, ಕಾರಿನೊಳಗೆ ಕೈಹಾಕಿ, ಕೊಂಡಿ ಎಳೆದು, ಬಾನೆಟ್ ಎತ್ತಿ ನಿಲ್ಲಿಸಿದಳು.

"ಚಾ ಯಾರಿಗೂ ಬೇಡ. ಅಣ್ಣಾ, ಇಲ್ಲಿ ಬಂದು ನೋಡಿ. ಮರ್ಯಾದೆ ಆಮೇಲೆ ಮುಗಿಸ್ಕೊಳಿ."

ವಜೀರ್ ತಂದೆಯ ಆತ್ಮಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಬಗ್ಗಿದ. ಎಂಜಿನ್ನಿನಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ, ಗಾಡಿಯ ಮೂತಿಯ ಹತ್ತಿರ, ಒಂದು ದಪ್ಪ ಕೊಳವೆ. ಅದರ ಮೇಲೆ ಕೈಯಿಟ್ಟವನು ಸರಕ್ಕನೆ ತೆಗೆದುಕೊಂಡ.

"ಯಾ ಅಲ್ಲಾ. ತಣ್ಣಗಿದೆ."

ಕ್ಲಿಪ್ಪು ಸಡಿಲಿಸಿ ಕೊಳವೆ ಎಳೆದ. ಒಳಗಿನಿಂದ ಕಂದು ಬಣ್ಣದ ಮಂಜುಗಡ್ಡೆ, ಬೆಲ್ಲದ ಪಾನಕವನ್ನು ಗಟ್ಟಿ ಮಾಡಿದ ಹಾಗಿದ್ದದ್ದು, ಮುರಿದು ಅವನ ಅಂಗೈಗೆ ಬಿತ್ತು. ಇನ್ನೊಂದು ತುಂಡು ನೆಲಕ್ಕೆ ಬಿತ್ತು. ನಂಜಮ್ಮ ಅದನ್ನು ಎತ್ತಿಕೊಂಡು ಮೂಸಿ ನೋಡಿ, "ಅಯ್ಯೋ ಶಿವನೇ, ಗಾಡಿ ಹೊಟ್ಟೇಲಿ ಐಸು" ಎಂದರು.

ವಜೀರ್ ವಿವರಿಸಿದ. ಟರ್ಬೊ ಗಾಳಿಯನ್ನು ಒತ್ತಿ ಒಳಕ್ಕೆ ತಳ್ಳುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣ್ಣಗೆ ಮಾಡಲು ಮೂತಿಯಲ್ಲಿ ಇಂಟರ್‌ಕೂಲರ್ ಎಂಬ ಪೆಟ್ಟಿಗೆ ಇದೆ. ಹಳೇ ಎಂಜಿನ್ನು, ಅದರ ಉಸಿರು ಹೋಗುವ ಸಣ್ಣ ಪೈಪು ಕಟ್ಟಿಕೊಂಡು, ತೇವವೂ ಎಣ್ಣೆಯೂ ಈ ಪೆಟ್ಟಿಗೆಗೆ ಬಂದು ಸೇರಿವೆ. ಚಳಿಗಾಳಿ ಬಡಿದಾಗ ಅದು ಹೆಪ್ಪುಗಟ್ಟಿ ದಾರಿ ಮುಚ್ಚಿದೆ. ಎಂಜಿನ್ನಿಗೆ ಗಾಳಿಯೇ ಇಲ್ಲ.

"ಮತ್ತೆ ಇಷ್ಟು ದಿನ ನಿಮಗೆ ಯಾಕೆ ಸಿಗ್ಲಿಲ್ಲ?" ಎಂದು ಕೆಂಪರಾಜು ಕೇಳಿದ.

ನಿಸರ್ಗಾ ಎಂಜಿನ್ನಿನ ಬಿಸಿಗೆ ಕೈ ಕಾಸಿಕೊಳ್ಳುತ್ತಾ ನಿಂತಿದ್ದಳು. ಅವಳ ಕಣ್ಣು ಬೋರಲು ಬಿದ್ದ ಚಾ ಪಾತ್ರೆಯ ಮೇಲೆ ಹೋಯಿತು. ಅವಳು ನಗತೊಡಗಿದಳು. ನಗುವುದನ್ನು ನಿಲ್ಲಿಸಲಾರದೆ ಬಂಪರಿನ ಮೇಲೆ ಕೂತಳು.

"ನೀವು ಚಾ ಕುಡ್ದು ಮುಗಿಸೋಷ್ಟರಲ್ಲಿ ಈ ಬಿಸಿಗೆ ಕರಗೋಗ್ತಿತ್ತು. ಶೇಷಗಿರಿ ಕಾಫಿ ಕುಡಿದ ಅಂದ್ರಲ್ಲ, ಕರಗೋಯ್ತು. ಆ ಪೊಲೀಸಿನೋನು ಲೈಸೆನ್ಸ್ ನೋಡ್ತಾ ನಿಂತ, ಕರಗೋಯ್ತು."

ವಜೀರ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಅಂದ್ರೆ ನಮ್ಮಪ್ಪನ ಚಾ..."

"ನಿಮ್ಮ ಚಾಕ್ಕೆ ಏನೂ ದೋಷ ಇಲ್ಲ ಕಣಪ್ಪ ವಜೀರಪ್ಪ," ಎಂದರು ನಂಜಮ್ಮ. "ಗಾಡೀನೂ ಬೆಚ್ಚಗಾಗಿ ಸುಧಾರ್ಸ್ಕೊಂಡದೆ, ಅಷ್ಟೇ."

ಕೆಂಪರಾಜು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಅವನು ಮಂಜುಗಡ್ಡೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಎಣ್ಣೆ ಸುರಿದು ಅಂಗಿಯ ತೋಳೆಲ್ಲ ಒದ್ದೆಯಾಗಿತ್ತು. ಈ ಪ್ರಪಂಚದಲ್ಲಿ ಅವನು ಇದೆ ಎಂದದ್ದು ಇತ್ತು. ಅದನ್ನು ಅವನ ಹೆಂಡತಿ ಕಣ್ಣಾರೆ ನೋಡಿದ್ದಳು. ಅದಕ್ಕಿಂತ ದೊಡ್ಡ ಸುಖ ಟರ್ಬೊ ಸಹ ಅವನಿಗೆ ಕೊಟ್ಟಿರಲಿಲ್ಲ. ಕೂಡಲೇ ಗ್ಯಾರೇಜಿನ ಫೋನಿನಿಂದ ಶೇಷಗಿರಿಗೆ ಫೋನು ಹಚ್ಚಿ, "ರೀಪ್ರೊಡ್ಯೂಸ್ ಆಯ್ತು" ಎಂದಷ್ಟೇ ಹೇಳಿ ಇಟ್ಟ.

"ತಪ್ಪಾಯ್ತು ಕಣ್ರೀ," ಎಂದಳು ನಿಸರ್ಗಾ, ಕಣ್ಣೊರೆಸಿಕೊಂಡು. "ನಿಮ್ ಕಾಲು ನಿಜವಾಗ್ಲೂ ಒತ್ತಿತ್ತು. ಗಾಡಿ ಇಟ್ಕೊಳಿ."

ಮಧ್ಯಾಹ್ನದೊಳಗೆ ವಜೀರ್ ಪೆಟ್ಟಿಗೆಯ ನೀರೆಣ್ಣೆ ಬಸಿದು, ಕಟ್ಟಿಕೊಂಡಿದ್ದ ಪೈಪು ಬದಲಿಸಿ, ಚಳಿ ಮುಗಿಯುವವರೆಗೆ ಇರಲೆಂದು ಮೂತಿಗೆ ಒಂದು ರಟ್ಟು ಅಡ್ಡ ಇಟ್ಟ. ಓಡಿಸಿ ನೋಡಬೇಕಲ್ಲ. ಕೆಂಪರಾಜುವಿನ ಕೈಯೆಲ್ಲ ಎಣ್ಣೆ. ನಿಸರ್ಗಾ ಕೀಲಿಕೈ ಈಸಿಕೊಂಡು, "ಒಂದು ರೌಂಡು ಹೋಗ್ಬರ್ತೀನಿ" ಎಂದಳು.

ಡಬ್ಲಿನ್‌ಗೆ ಹೋಗುವಾಗ ಅವಳು ಅದನ್ನು ಹೂವಿನಂತೆ ಓಡಿಸಿದ್ದಳು. ಗಂಡನ ಕಾಯಿಲೆಯ ಚಿಂತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿರಲೇ ಇಲ್ಲ. ಈಗ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬೆನ್ನಿಗೆ ಆ ಅಂಗೈ ಬಂತು.

ಒಂದು ರೌಂಡು ಎಂದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕೂದಲೆಲ್ಲ ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಗಾಡಿಯಿಂದ ಇಳಿಯದೆ ಕಿಟಕಿಯಲ್ಲೇ ಹೇಳಿದಳು.

"ಹತ್ತಿ. ಶೋರೂಮಿಗೆ ಹೋಗೋಣ."

"ಯಾವ ಶೋರೂಮು? ಇಟ್ಕೊಳಿ ಅಂದ್ಯಲ್ಲ?"

"ಇಟ್ಕೊಂಡ್ವಲ್ಲ. ಇದು ನಂದು. ನನ್ ಹಳೇ ಕಾರು ಮಾರಿ ನಿಮಗೊಂದು ತರೋಣ. ಅಪ್ಪ ಬರ್ತಾರೆ, ಲಗೇಜಿರತ್ತೆ, ದೊಡ್ಡದೇ ಇರ್ಲಿ."

ಕೆಂಪರಾಜು ವಜೀರನ ಮುಖ ನೋಡಿದ. ವಜೀರ್ ಬೋರಲು ಬಿದ್ದ ಚಾ ಪಾತ್ರೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಸಂಕ್ರಾಂತಿಯ ಊಟಕ್ಕೆ ಡಬ್ಲಿನ್‌ಗೆ ಎರಡು ಗಾಡಿಗಳು ಹೊರಟವು. ನಂಜಮ್ಮ ಮಂಡಿ ಮಡಚಿಕೊಂಡು ಟರ್ಬೊದಲ್ಲಿ ಮಗಳ ಪಕ್ಕ ಮುಂದಿನ ಸೀಟಿನಲ್ಲಿ ಕೂತರು. ಅವರಿಗೂ ಆ ನೆಗೆತದ ರುಚಿ ಹತ್ತಿತ್ತು. ಇಂಚರ ಹಿಂದೆ ಕೂತು "ಗೋ ಅಮ್ಮ, ಗೋ" ಎನ್ನುತ್ತಿದ್ದಳು. 680ರ ಏರಿನಲ್ಲಿ ಕಡುನೀಲಿ ಟರ್ಬೊ ಮಿನಿವ್ಯಾನನ್ನು ದಾಟಿ, ಒಂದು ಸಲ ಹಾರ್ನ್ ಹೊಡೆದು, ತಿರುವಿನಲ್ಲಿ ಕಾಣದಾಯಿತು. ಏಳು ಸೀಟಿನ ಮಿನಿವ್ಯಾನಿನಲ್ಲಿ ಕೆಂಪರಾಜುವಿನ ಜೊತೆಗಿದ್ದದ್ದು ಸೀಟ್‌ಬೆಲ್ಟ್ ಕಟ್ಟಿಸಿಕೊಂಡ ಪೊಂಗಲ್ ಪಾತ್ರೆ ಒಂದೇ. ಅದು ಚೆಲ್ಲದ ಹಾಗೆ ಅವನು ನಿಧಾನವಾಗಿ ಓಡಿಸಿಕೊಂಡು ಹೋದ.